ಹೊರಗೋಡೆಯ ಮರಕ್ಕೆ ಎಣ್ಣೆ: ಹೊಳಪು ಬೇಡ ಎಂದ ಬೀದರಿನ ಮಿಸ್ತ್ರಿ

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅನ್ನೋದು ಮುಂದೆ ಬರುತ್ತದೆ. ಕೈಕೆಲಸದಲ್ಲಿ ಮಾತ್ರ ಬೊಟ್ಟು ಮಾಡುವಂಥದ್ದು ಏನೂ ಇಲ್ಲ.

ಇದು ಬೀದರ್ ಹಳೇ ಊರಿನ ಒಬ್ಬ ಬಡಗಿ ಮತ್ತು ಅವರ ಮಗ ಸೇರಿ ಮಾಡಿಕೊಡುವ ಕೆಲಸದ ಬಗ್ಗೆ. ಮನೆಯ ಹೊರಗೆ ಬಿಸಿಲು ಮಳೆಗೆ ಒಡ್ಡಿಕೊಂಡಿರುವ ಮರವನ್ನು ತೊಳೆದು, ಕೆಟ್ಟ ಹಲಗೆ ಬದಲಿಸಿ, ಎಣ್ಣೆ ಕುಡಿಸಿ ಕೊಡುತ್ತಾರೆ. ಅಂಗಡಿಗೆ ಬೋರ್ಡ್ ಇಲ್ಲ. ಹೆಸರು, ನಂಬರ್ ಎರಡೂ ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಇರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಮತ್ತೆ ಬರೆದು ಏನು ಪ್ರಯೋಜನ ಅಂತ ಕೇಳಬಹುದು. ಹಳೇ ಊರಿನ ನಡುವಿನ ಚೌಬಾರಾ ಗೋಪುರದ ಸುತ್ತಮುತ್ತ ನಾಲ್ಕು ಜನರನ್ನು ವಿಚಾರಿಸಿದರೆ ಅವರ ಅಂಗಡಿ ತೋರಿಸುತ್ತಾರೆ. ಅವರು ಸಿಗದೇ ಹೋದರೂ, ಬೇರೆ ಮಿಸ್ತ್ರಿಯ ಹತ್ತಿರ ಏನು ಕೇಳಿ ಮಾಡಿಸಬೇಕು, ಯಾವುದಕ್ಕೆ ದುಡ್ಡು ಕೊಡಬಾರದು ಅನ್ನೋದು ಗೊತ್ತಾದರೆ ಸಾಕಲ್ವಾ?

ಮನೆ ನಮ್ಮ ಮಾವನವರು ಕಟ್ಟಿಸಿದ್ದು. ಕೆಳಗಿನ ಅಂತಸ್ತು ನಮ್ಮೂರಿನ ಕೆಂಪು ಕಲ್ಲಿನದು. ಮೇಲಂತಸ್ತಿನಲ್ಲಿ ರಸ್ತೆ ಕಡೆಯ ಗೋಡೆ ಮಾತ್ರ ಪೂರ್ತಿ ಸಾಗವಾನಿ ಹಲಗೆ. ಕೆಳಗಿನ ಹಲಗೆಯ ಮೇಲೆ ಮೇಲಿನದು ಎರಡು ಬೆರಳು ಹೊದ್ದು ಕೂರುವಂತೆ ಜೋಡಿಸಿ ಮೊಳೆ ಹೊಡೆದಿದ್ದಾರೆ. ಎಲ್ಲ ಸೇರಿ ಸುಮಾರು 230 ಚದರ ಅಡಿ. ಮುಖ ಪಶ್ಚಿಮಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಬಿಸಿಲು ನೇರ ಅದರ ಮೇಲೆ. ಜೂನ್ ಬಂತೆಂದರೆ ಮಳೆಗಾಳಿಯೂ ಅದೇ ದಿಕ್ಕಿನಿಂದ. ಬೀದರ್ ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ, ಕಲಬುರಗಿಯಷ್ಟು ಸುಡುವುದಿಲ್ಲ ಅಂತ ನಾವು ಕೊಚ್ಚಿಕೊಳ್ಳುತ್ತೇವೆ. ನಮ್ಮ ಹಲಗೆಗಳನ್ನು ಕೇಳಿದರೆ ಬೇರೆಯೇ ಹೇಳುತ್ತವೆ.

ಮಾವನವರು ಇದ್ದಾಗ ವಾರ್ನಿಶ್ ಹಚ್ಚಿಸಿದ್ದರು. ಅದು ಅಲ್ಲಲ್ಲಿ ಹಪ್ಪಳ ಎದ್ದು, ಮಿಕ್ಕ ಕಡೆ ಮರ ಬೂದಿ ಬಣ್ಣಕ್ಕೆ ತಿರುಗಿತ್ತು. ಪ್ರತಿ ಮೊಳೆಯ ಕೆಳಗೂ ಗೇಣುದ್ದದ ಕಪ್ಪು ಗೆರೆ. ಮದುವೆಗೆ ಬಂದ ನೆಂಟರು "ಇದನ್ನು ತೆಗೆಸಿ ಗಾಜು ಹಾಕಿಸಿಬಿಡಿ" ಅಂತ ಸಲಹೆ ಕೊಟ್ಟು ಹೋದರು. ನಮ್ಮ ಮನೆಯವರಿಗೆ ಅದು ಇಷ್ಟವಾಗಲಿಲ್ಲ. ನನಗೂ.

ಪಾಲಿಶ್ ಗುತ್ತಿಗೆ ಹಿಡಿಯುವ ಒಬ್ಬರನ್ನು ಕರೆಸಿದೆವು. ಪಿಯು, ಅಂದರೆ ಗಟ್ಟಿ ಪೊರೆ ಕಟ್ಟುವ ಪಾಲಿಯುರಿಥೇನ್ ಪಾಲಿಶ್ ಹೊಡೆದರೆ ಗೋಡೆಯಲ್ಲಿ ಮುಖ ಕಾಣುತ್ತದೆ ಎಂದರು, 48,000 ರೂಪಾಯಿ ಎಂದರು. ರಸ್ತೆ ಕಡೆಯ ಗೋಡೆಯಲ್ಲಿ ನನ್ನ ಮುಖ ಯಾರಿಗೆ ಬೇಕು? ಅದು ಹೋಗಲಿ. ಎಷ್ಟು ವರ್ಷ ಇರುತ್ತದೆ ಅಂದರೆ ಉತ್ತರ ಬರಲಿಲ್ಲ. ಹಳೇ ವಾರ್ನಿಶ್ ಪೂರ್ತಿ ಕೆರೆಯುತ್ತೀರಾ ಅಂದರೆ "ಮೇಲೆ ಲಪ್ಪಂ (ಪುಟ್ಟಿ) ಎಳೆದು ಹೊಡೆದುಬಿಡ್ತೀವಿ" ಎಂದರು. ಅಲ್ಲಿಗೆ ಚಹಾ ಕೊಟ್ಟು ಕಳಿಸಿದೆವು.

ಈ ಹೊತ್ತಿಗೆ ನನ್ನ ತಮ್ಮನ ವಿಚಾರ ಹೇಳಬೇಕು. ಅವನು ಅಮೆರಿಕದ ಸಿಯಾಟಲ್ ಹತ್ತಿರ ಇರುತ್ತಾನೆ. ಅವನ ಮನೆಯ ಹೊರಗೋಡೆಗೆಲ್ಲ ಸೀಡರ್ ಶೇಕ್. ಕೆಂಪು ಸೀಡರ್ ದಿಮ್ಮಿಯನ್ನು ನಾರಿನ ಗುಂಟ ಸೀಳಿ ತೆಗೆದ ಗಿಡ್ಡ ಹಲಗೆಗಳು. ಅವನ್ನು ನಮ್ಮ ಮಂಗಳೂರು ಹೆಂಚಿನ ಹಾಗೆ ಸಾಲಿನ ಮೇಲೆ ಸಾಲು ಹೊದಿಸಿರುತ್ತಾರೆ. ಗರಗಸದಲ್ಲಿ ಕೊಯ್ದು ನಯ ಮಾಡಿದ್ದಕ್ಕೆ ಶಿಂಗಲ್ ಅನ್ನುತ್ತಾರೆ, ಸೀಳಿದ್ದು ಶೇಕ್. ಆ ಮರದಲ್ಲೇ ಬೂಸ್ಟು, ಹುಳು ತಡೆಯುವ ಸತ್ವ ಇದೆ. ಆ ಕರಾವಳಿಯ ಮೂಲನಿವಾಸಿಗಳು ದೋಣಿ, ಮನೆ ಎಲ್ಲ ಅದರಲ್ಲೇ ಮಾಡುತ್ತಿದ್ದರು. ಆದರೆ ವರ್ಷ ಕಳೆದಂತೆ ಆ ಸತ್ವ ಮಳೆ ನೀರಿನಲ್ಲಿ ತೊಳೆದು ಹೋಗುತ್ತದೆ. ಬಿಸಿಲು ಮೇಲ್ಪದರದ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟನ್ನು ಒಡೆಯುತ್ತದೆ. ಬೂದಿ ಬಣ್ಣ ಬರುವುದು ಹಾಗೆ. ಸಾಗವಾನಿಗೂ ಇದೇ ಗತಿ.

ನನ್ನ ಸಮಸ್ಯೆ ಕೇಳಿ ತಮ್ಮ ವಿಡಿಯೋ ಕಾಲ್‌ನಲ್ಲಿ ಒಂದು ಪಾಠವನ್ನೇ ಮಾಡಿದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳಿಗೆ ಪಾಠ ಕೇಳುವ ತಾಳ್ಮೆ ಕಡಿಮೆ. ಆದರೂ ಒಂದು ಲೆಕ್ಕ ಹಿಡಿಸಿತು. ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 950 ಮಿಲಿಮೀಟರ್. ನಮ್ಮ ಬೀದರಿನದು 850ರ ಆಸುಪಾಸು. ಅಂಥಾ ದೊಡ್ಡ ಫರಕು ಇಲ್ಲ. ಆದರೆ ಅವರದು ಅಕ್ಟೋಬರಿನಿಂದ ಹಿಡಿದು ವಸಂತದವರೆಗೂ ಜಿನುಗುತ್ತಲೇ ಇರುವ ಮಳೆ, ಮರಕ್ಕೆ ಒಣಗಲು ಪುರುಸೊತ್ತಿಲ್ಲ. ಹಾಗಾಗಿ ಅವರಿಗೆ ಪಾಚಿಯ ಚಿಂತೆ. ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಉಳಿದ ಎಂಟು ತಿಂಗಳು ಬಿಸಿಲು. ನಮಗೆ ಸೀಳು ಬಿಡುವ ಚಿಂತೆ. ಅಲ್ಲಿ ಒಳ್ಳೆಯ ಸ್ಟೇನ್, ಅಂದರೆ ಮರದೊಳಗೆ ಇಳಿಯುವ ಬಣ್ಣ, ಹಚ್ಚಿದರೆ ಮೂರರಿಂದ ಐದು ವರ್ಷ ತಡೆಯುತ್ತದೆ ಎಂದ. ಬೀದರಿನ ಪಶ್ಚಿಮದ ಗೋಡೆಗೆ ಆ ಲೆಕ್ಕ ನಡೆಯುವುದಿಲ್ಲ ಅಂತ ನನಗೆ ಆಗಲೇ ಅನ್ನಿಸಿತ್ತು.

ಅವನು ಹೇಳಿದ್ದರಲ್ಲಿ ಎರಡೂ ಊರಿಗೆ ಸಲ್ಲುವ ಮಾತು ಒಂದಿತ್ತು. ಹೊರಗಿನ ಮರಕ್ಕೆ ನೀರು ಬರದಂತೆ ತಡೆಯುವುದಕ್ಕಿಂತ, ಬಂದ ನೀರು ಹೊರಗೆ ಹೋಗಲು ದಾರಿ ಬಿಡುವುದು ಮುಖ್ಯ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೇಲೆ ಗಟ್ಟಿ ಪೊರೆ ಕೂರಿಸಿದರೆ ಅದು ಮರದ ಜೊತೆ ಅಷ್ಟು ಆಡಲಾರದೆ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಪೊರೆಯ ಕೆಳಗೇ ಸಿಕ್ಕಿಬೀಳುತ್ತದೆ. ಆಮೇಲೆ ರಿಪೇರಿ ಅಂದರೆ ಇಡೀ ಗೋಡೆ ಕೆರೆಯಬೇಕು. ಒಳಗೆ ಇಳಿಯುವ ಎಣ್ಣೆಯಾದರೆ ಸಿಪ್ಪೆ ಏಳುವ ಪ್ರಶ್ನೆಯೇ ಇಲ್ಲ. ಸವೆಯುತ್ತದೆ, ಮತ್ತೆ ಹಚ್ಚಿದರಾಯಿತು.

ಈಗ ಮಿಸ್ತ್ರಿಯವರ ಕಡೆ ಬರೋಣ. ಅವರಿಗೆ ಅರವತ್ತು ದಾಟಿದೆ, ನಾವೆಲ್ಲ ಚಾಚಾ ಅನ್ನುತ್ತೇವೆ. ಬಂದವರು ರೇಟ್ ಹೇಳಲಿಲ್ಲ. ಒಂದು ಚೆಂಬು ನೀರು ಕೇಳಿದರು. ಕುಡಿಯೋದಕ್ಕೆ ಅಂದುಕೊಂಡು ಫ್ರಿಜ್ಜಿನ ನೀರು ತಂದರೆ ಅದನ್ನು ಹಲಗೆಗೆ ಚಿಮುಕಿಸಿದರು. ವಾರ್ನಿಶ್ ಉಳಿದಿದ್ದ ಕಡೆ ನೀರು ಹನಿಹನಿಯಾಗಿ ನಿಂತು ಜಾರಿತು. ಬೂದಿ ಬಣ್ಣದ ಕಡೆ ಹನಿ ಬಿದ್ದದ್ದೇ ತಡ ಮರ ಹೀರಿಕೊಂಡು ಕಪ್ಪಾಯಿತು. ಆಮೇಲೆ ಪೇಚ್‌ಕಸ್, ಅಂದರೆ ಸ್ಕ್ರೂಡ್ರೈವರ್, ತೆಗೆದು ಪ್ರತಿ ಹಲಗೆಯ ಬುಡಕ್ಕೆ ಒತ್ತುತ್ತಾ ಹೋದರು. ಎಲ್ಲ ಕಡೆ ಟಕ್ ಟಕ್ ಅಂತ ನಿಂತ ಮೊನೆ, ಕೆಳಗಿನ ಸಾಲಿನಲ್ಲಿ ಎರಡು ಕಡೆ ಸುಮ್ನೆ ಅರ್ಧ ಇಂಚು ಒಳಗೆ ಹೋಯಿತು.

"ಟೀಚರ್, ಮ್ಯಾಲಿಂದೆಲ್ಲ ಗಟ್ಟಿ ಅದರಿ. ಬುಡದಾಗಿನ ಎರಡು ಹಲಗಿ ಹೋಗ್ಯಾವ್ರಿ."

"ಚಾಚಾ, ಪಾಲಿಶ್ ಹೊಡಿಬೇಕಂತಾರಲ್ರಿ?"

"ಹೊಳಪು ಒಳಗಿನ ಬಾಗಲಕ್ಕ ಹಚ್ಚರಿ. ಹೊರಗ ಬ್ಯಾಡ್ರಿ. ಹೊರಗ ಎಣ್ಣಿ."

ಸಿಯಾಟಲ್‌ನ ನಮ್ಮ ಎಂಜಿನಿಯರ್ ತಮ್ಮ ಅರ್ಧ ಗಂಟೆ ತೆಗೆದುಕೊಂಡಿದ್ದನ್ನು ಇವರು ಮೂರು ಮಾತಿನಲ್ಲಿ ಮುಗಿಸಿದರು. ಕೆಲಸ ಇವರಿಗೇ ಅಂತ ನಾನು ನಿರ್ಧರಿಸಿದ್ದು ಅಲ್ಲೇ.

ಆ ಎರಡು ಹಲಗೆ ಯಾಕೆ ಕೊಳೆತವು ಅನ್ನೋದನ್ನು ಅವರು ಬಗ್ಗಿ ನೋಡಿ ಕಂಡುಹಿಡಿದ ರೀತಿ ನನಗೆ ತುಂಬಾ ಮೆಚ್ಚುಗೆಯಾಯಿತು. ಹಿಂದೊಮ್ಮೆ ಗಾರೆಯವರು ಬಂದು ಕೆಳಗಿನ ಕಟ್ಟೆಗೆ ಸಿಮೆಂಟ್ ಮಾಡಿದಾಗ, ಸಂದು ಕಾಣಬಾರದು ಅಂತ ಸಿಮೆಂಟನ್ನು ಹಲಗೆಯ ಬುಡಕ್ಕೇ ತಾಗಿಸಿ ಮೆತ್ತಿದ್ದರು. ನೋಡಲು ಅಂದ. ಆದರೆ ಗೋಡೆ ಮೇಲಿಂದ ಇಳಿದ ನೀರೆಲ್ಲ ಅಲ್ಲಿ ನಿಂತು, ಹಲಗೆ ಅದನ್ನು ಕೆಳಗಿನಿಂದ ಎಳೆದುಕೊಳ್ಳುತ್ತಿತ್ತು. ಅಡ್ಡ ಕೊಯ್ದ ತುದಿಯಲ್ಲಿ ಮರದ ನೀರು ಏರುವ ನಾಳಗಳೆಲ್ಲ ಬಾಯಿ ತೆರೆದಿರುತ್ತವೆ. ಹಲಗೆಯ ಮುಖಕ್ಕಿಂತ ಆ ತುದಿ ನೀರನ್ನು ಎಷ್ಟೋ ಪಾಲು ಜಾಸ್ತಿ ಕುಡಿಯುತ್ತದೆ. ಚಾಚಾ ಉಳಿ ಹಿಡಿದು ಉದ್ದಕ್ಕೂ ಅರ್ಧ ಇಂಚು ಸಿಮೆಂಟ್ ಕಿತ್ತು ಸಂದು ಬಿಡಿಸಿದರು. ಕಟ್ಟೆಗೆ ರಸ್ತೆ ಕಡೆ ಇಳಿಜಾರು ಕೊಡಿಸಿದರು. ಗೋಡೆಯ ಆಯುಷ್ಯಕ್ಕೆ ಎಣ್ಣೆಗಿಂತ ಈ ಅರ್ಧ ಇಂಚೇ ದೊಡ್ಡ ಸೇವೆ ಅಂತ ನನ್ನ ಅಭಿಪ್ರಾಯ. ಇದಕ್ಕೆ ಅವರು ಬೇರೆ ದುಡ್ಡನ್ನೂ ಕೇಳಲಿಲ್ಲ.

ನೆಲಮಟ್ಟದಲ್ಲಿ ಮರದ ಹೊದಿಕೆ ಇರುವವರು ಇನ್ನೂ ಹುಷಾರಾಗಿರಬೇಕು. ಮಣ್ಣಿಗೂ ಮರಕ್ಕೂ ನಡುವೆ ಆರು ಇಂಚಾದರೂ ಅಂತರ ಇರಲಿ. ನೀರು ಸಿಡಿಯದೇ ಇರಲು ಅಷ್ಟು ಬೇಕು. ಗೆದ್ದಲು ಮಣ್ಣಿನ ಗೂಡು ಕಟ್ಟಿಕೊಂಡು ಏರಿದರೆ ಆ ಖಾಲಿ ಜಾಗದಲ್ಲಿ ಕಣ್ಣಿಗೆ ಬೀಳುತ್ತದೆ. ಸಾಗವಾನಿಗೆ ಗೆದ್ದಲು ಹತ್ತಲ್ಲ ಅನ್ನೋದು ತಿರುಳಿನ ಮಟ್ಟಿಗೆ ನಿಜ. ಅಂಚಿನ ಬಿಳಿ ಭಾಗವನ್ನು ಚೆನ್ನಾಗಿಯೇ ತಿನ್ನುತ್ತದೆ. ಹೊಸ ಹಲಗೆ ಆರಿಸುವಾಗ ಚಾಚಾ ಬಿಳಿ ಇದ್ದದ್ದನ್ನೆಲ್ಲ ಪಕ್ಕಕ್ಕೆ ತಳ್ಳಿದ್ದು ಅದಕ್ಕೇ. ಟಿಂಬರ್ ಡಿಪೋದವನ ಮುಖ ಸಣ್ಣದಾಯಿತು.

ತೊಳೆಯುವ ಕೆಲಸಕ್ಕೆ ಮಗ ಬೈಕ್ ತೊಳೆಯುವ ಪ್ರೆಶರ್ ಪಂಪ್ ತರುತ್ತೇನೆ ಎಂದ. ಅಪ್ಪ ಬಿಡಲಿಲ್ಲ. ಆ ನೀರಿನ ಹೊಡೆತಕ್ಕೆ ಮೆತ್ತನೆಯ ನಾರು ಕಿತ್ತು ಹೋಗಿ ಹಲಗೆ ಗೆರೆಗೆರೆಯಾಗುತ್ತದೆ, ಸಂದಿನಲ್ಲಿ ನೀರು ಗೋಡೆಯ ಒಳಗೂ ನುಗ್ಗುತ್ತದೆ. ತಮ್ಮನೂ ಇದನ್ನೇ ಹೇಳಿದ್ದ, ಅಲ್ಲಿಯವರು ಸೀಡರ್ ಕೆಡಿಸಿಕೊಳ್ಳುವುದು ಜಾಸ್ತಿ ಈ ಪಂಪಿನಿಂದಲೇ ಅಂತೆ. ಇಲ್ಲಿ ನಡೆದದ್ದು ಹೀಗೆ. ಉಳಿದ ವಾರ್ನಿಶನ್ನು ಸ್ಕ್ರೇಪರ್‌ನಿಂದ ನಿಧಾನ ಕೆರೆದರು. ಬಟ್ಟೆಯ ಕಲೆ ತೆಗೆಯುವ ಆಕ್ಸಿಜನ್ ಬ್ಲೀಚ್ ಪುಡಿ, ಅಂದರೆ ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಪುಡಿ, ಅದನ್ನು ಬಿಸಿನೀರಿನಲ್ಲಿ ಕಲಸಿ ಮೆತ್ತನೆಯ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಹಚ್ಚಿದರು. ಮೇಲಿನಿಂದ ಶುರು ಮಾಡಿದರೆ ಒಣ ಹಲಗೆ ಮೇಲೆ ನೀರು ಹರಿದು ಪಟ್ಟೆ ಬೀಳುತ್ತದೆ. ನಾರಿನ ಗುಂಟವೇ ಉಜ್ಜಬೇಕು, ಅಡ್ಡಡ್ಡ ಉಜ್ಜಬಾರದು. ಬಾತ್‌ರೂಮ್ ತೊಳೆಯುವ ಕ್ಲೋರಿನ್ ಬ್ಲೀಚ್ ಇದಕ್ಕೆ ಬೇಡವೇ ಬೇಡ, ನಾರನ್ನೇ ತಿಂದುಬಿಡುತ್ತದೆ.

ಬೂದಿ ಬಣ್ಣ ಹೋಯಿತು. ಮೊಳೆ ಕೆಳಗಿನ ಕಪ್ಪು ಗೆರೆ ಮಾತ್ರ ಜಗ್ಗಲಿಲ್ಲ. ಅದು ಕೊಳೆಯಲ್ಲ. ಕಬ್ಬಿಣದ ಮೊಳೆಯ ತುಕ್ಕು ಮರದಲ್ಲೇ ಇರುವ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಸೇರಿ ಹುಟ್ಟಿದ ಕಪ್ಪು. ಸೀಡರ್ ಮನೆಗಳಿಗೂ ಇದೇ ಕಾಟ, ಅದಕ್ಕೇ ಅಲ್ಲಿ ಸ್ಟೇನ್‌ಲೆಸ್ ಮೊಳೆ ಅಥವಾ ಚೆನ್ನಾಗಿ ಸತುವಿನ ಲೇಪ ಕೊಟ್ಟ ಮೊಳೆ ಹೊಡೆಯುತ್ತಾರೆ. ಇದನ್ನು ತೆಗೆಯುವುದು ಆಕ್ಸಾಲಿಕ್ ಆಮ್ಲ. ತುಕ್ಕು ತೆಗೆಯುವ ಪುಡಿ ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಚಾಚಾ ಅದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ ಸಣ್ಣ ಬ್ರಷ್‌ನಲ್ಲಿ ಗೆರೆಯ ಮೇಲೆ ಸವರಿದರು. ನಾನು ನಿಂತು ನೋಡುತ್ತಿದ್ದೆ. ಕಪ್ಪು ಮೊದಲು ಕಂದು ಆಯಿತು, ಆಮೇಲೆ ಅಂಚಿನಿಂದ ಒಳಗೆ ಕರಗುತ್ತಾ ಬಂದು, ಕೊನೆಗೆ ಮೊಳೆಯ ತಲೆ ಸುತ್ತ ಒಂದು ತೆಳು ಉಂಗುರ ಉಳಿಯಿತು. ಅದರ ಕೆಳಗೆ ಹೊಸದಾಗಿ ಕೊಯ್ದಂತೆ ಜೇನು ಬಣ್ಣದ ಮರ. ಶಾಲೆಯ ಲ್ಯಾಬಿನಲ್ಲಿ ಮಕ್ಕಳಿಗೆ ಇದನ್ನು ತೋರಿಸಬೇಕಿತ್ತು ಅನ್ನಿಸಿತು.

ಆದರೆ ಇದು ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ಮಗ ಬರಿಗೈಯಲ್ಲಿ ಶುರು ಮಾಡಿದ, ನಾನು ಬೈದು ಪಾತ್ರೆ ತೊಳೆಯುವ ಗ್ಲೌಸ್ ಕೊಟ್ಟೆ. ಕೆಳಗಿದ್ದ ತುಳಸಿ ಕುಂಡವನ್ನು ಮೊದಲೇ ಸರಿಸಿದ್ದೆ. ಇನ್ನೊಂದು ನಮ್ಮ ಕಡೆಯದೇ ತೊಂದರೆ ಇದೆ. ಬೋರ್‌ವೆಲ್ ನೀರಿನ ಸುಣ್ಣದ ಅಂಶ ಈ ಆಮ್ಲದ ಜೊತೆ ಸೇರಿದರೆ ಬಿಳಿ ಪುಡಿ ಕೂರುತ್ತದೆ. ಕೊನೆಯ ಸಲ ತೊಳೆಯಲು ಚಾಚಾ ನಳದ ನೀರೇ ಬೇಕು ಅಂತ ಹಟ ಹಿಡಿದರು. ನಳ ಬರುವ ದಿನ ನೋಡಿ ಕೆಲಸ ಇಟ್ಟುಕೊಂಡೆವು. ಬೀದರಿನಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಹಳೇ ಮೊಳೆ ಕಿತ್ತು ಸ್ಟೇನ್‌ಲೆಸ್ ಸ್ಕ್ರೂ ಹಾಕಿದರು. ನಮ್ಮೂರ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಬೇಕಾದ ಉದ್ದದ್ದು ಸಿಗಲಿಲ್ಲ, ಹೈದರಾಬಾದಿನ ಬೇಗಂ ಬಜಾರ್‌ನಿಂದ ತರಿಸಿದೆವು. ಸಾದಾ ಸ್ಕ್ರೂಗಿಂತ ಬೆಲೆ ಜಾಸ್ತಿ. ಉಳಿಸಲು ಹೋಗಬೇಡಿ. ಕಬ್ಬಿಣದ್ದೇ ಹಾಕಿದರೆ ಎರಡು ಮಳೆಗಾಲದಲ್ಲಿ ಅದೇ ಕಪ್ಪು ಗೆರೆ ಮತ್ತೆ ಬರುತ್ತದೆ.

ಎಣ್ಣೆ ಹಚ್ಚುವ ಕಾಲಕ್ಕೂ ಅವರದೊಂದು ಲೆಕ್ಕ ಇತ್ತು. ದಸರಾ ಮುಗಿದು ದೀಪಾವಳಿ ಒಳಗೆ. ಮಳೆ ನಿಂತಿರುತ್ತದೆ, ಬಿಸಿಲು ಹದವಾಗಿರುತ್ತದೆ, ಧೂಳು ಇನ್ನೂ ಎದ್ದಿರುವುದಿಲ್ಲ. ಬೇಸಿಗೆಯಲ್ಲಿ ಕಾದ ಹಲಗೆಗೆ ಹಚ್ಚಿದರೆ ಎಣ್ಣೆ ಒಳಗೆ ಇಳಿಯುವ ಮೊದಲೇ ಮೇಲೆ ಕೆನೆ ಕಟ್ಟಿ ಅಂಟಂಟಾಗುತ್ತದೆ. ನಮ್ಮದು ಪಶ್ಚಿಮದ ಗೋಡೆ, ಆದ್ದರಿಂದ ಬೆಳಗ್ಗೆ ನೆರಳಿದ್ದಾಗ ಮಾತ್ರ ಕೆಲಸ, ಮಧ್ಯಾಹ್ನ ಬಂದ್. ತೊಳೆದ ಮೇಲೆ ಮರ ಒಣಗಿದೆಯಾ ಅಂತ ನೋಡಲು ತಮ್ಮನ ಊರಿನವರು ತೇವ ಅಳೆಯುವ ಮೀಟರ್ ಚುಚ್ಚುತ್ತಾರೆ. ಚಾಚಾ ಅಂಗೈ ಒತ್ತಿ ಹಿಡಿದು, "ಇನ್ನೂ ತಂಪು ಅದ, ನಾಳಿ ನೋಡೂಣು" ಅನ್ನುತ್ತಿದ್ದರು. ಆ ನಾಳೆ ಹಲವು ಸಲ ಬಂತು. ಒದ್ದೆ ಮರಕ್ಕೆ ಎಣ್ಣೆ ಹಚ್ಚದೇ ಇದ್ದದ್ದಕ್ಕೆ ನನ್ನ ಮೆಚ್ಚುಗೆ ಇದೆ. ಫೋನ್ ಎತ್ತದೇ ಇದ್ದದ್ದಕ್ಕಿಲ್ಲ.

ಎಣ್ಣೆ ಅಂದರೆ ಅಗಸೆ ಎಣ್ಣೆ. ನಮ್ಮ ಕಡೆ ಅಗಸಿ ಹಿಂಡಿ ಇಲ್ಲದ ಮನೆ ಇಲ್ಲ, ಗಾಣದ ಎಣ್ಣೆಯೂ ಸಿಗುತ್ತದೆ. ಹಾಗಂತ ತಿನ್ನುವ ಎಣ್ಣೆ ತಂದು ಹೊರಗೋಡೆಗೆ ಬಳಿಯಬೇಡಿ. ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ಊರಿನ ಧೂಳೆಲ್ಲ ಅಂಟುತ್ತದೆ, ಬೂಸ್ಟಿಗೂ ಅದು ಊಟ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಲಿನ್ಸೀಡ್ ಆಯಿಲ್ ಅಂತ ಸಿಗುವುದು ಬೇರೆ. ಅದರಲ್ಲಿ ಬೇಗ ಒಣಗಿಸುವ ಲೋಹದ ಲವಣ ಸೇರಿರುತ್ತದೆ, ಬಾಯಿಗೆ ಹಾಕುವಂತಿಲ್ಲ. ಮೊದಲ ಕೈಗೆ ಚಾಚಾ ಎಣ್ಣೆ, ಟರ್ಪೆಂಟೈನ್ ಸಮಪಾಲು ಬೆರೆಸಿದರು, ತೆಳ್ಳಗಿದ್ದಷ್ಟು ಆಳಕ್ಕೆ ಇಳಿಯುತ್ತದೆ. ಎರಡನೇ ಕೈಗೆ ಟರ್ಪೆಂಟೈನ್ ಕಡಿಮೆ. ಬೂಸ್ಟು ತಡೆಯುವ ಔಷಧವನ್ನೂ ಬೆರೆಸಿಸಿದೆ, ಅದು ತಮ್ಮನ ಒತ್ತಾಯ. ಬರೀ ಅಗಸೆ ಎಣ್ಣೆ ಮಳೆಗೆ ಬಿದ್ದರೆ ಕೆಲವು ವರ್ಷದಲ್ಲಿ ಕಪ್ಪಗಾಗುತ್ತದೆ ಎಂದಿದ್ದ.

ಬಣ್ಣ ಬೆರೆಸುವ ವಿಷಯಕ್ಕೆ ನಮ್ಮ ಮನೆಯವರಿಗೂ ಚಾಚಾಗೂ ಜಟಾಪಟಿ ನಡೆಯಿತು. ಇವರಿಗೆ ಮರದ ಬಣ್ಣ ಹಾಗೇ ಕಾಣಬೇಕು. ಚಾಚಾ ಒಪ್ಪಲಿಲ್ಲ. ಬಣ್ಣವಿಲ್ಲದ ಎಣ್ಣೆ ನೀರನ್ನು ತಡೆದೀತು, ಬಿಸಿಲನ್ನು ತಡೆಯಲ್ಲ. ಬಿಸಿಲು ತಡೆಯುವುದು ಎಣ್ಣೆಯಲ್ಲಿ ತೇಲುವ ಬಣ್ಣದ ಪುಡಿ. ಅವರು ತಂದದ್ದು ರೆಡ್ ಆಕ್ಸೈಡ್, ಅಂದರೆ ಕಬ್ಬಿಣದ ಆಕ್ಸೈಡ್. ಬೀದರಿನ ಮಣ್ಣು ಕೆಂಪಗಿರುವುದೂ ಅದರಿಂದಲೇ, ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣೂ ಅದೇ. ಲೀಟರಿಗೆ ಒಂದೆರಡು ಚಮಚ ಅಷ್ಟೇ, ನಾರು ಮರೆಯಾಗದ ಹಾಗೆ. ಗೋಡೆಯ ಮೂಲೆಯಲ್ಲಿ ಒಂದು ಅಂಗೈಯಷ್ಟು ಜಾಗಕ್ಕೆ ಹಚ್ಚಿ, ಒಣಗಲು ಬಿಟ್ಟು, ಇವರಿಗೆ ತೋರಿಸಿದರು. ಇವರು ಕನ್ನಡಕ ತೆಗೆದು ಹಾಕಿ ನೋಡಿ "ಪರವಾಗಿಲ್ಲ" ಎಂದರು. ನಮ್ಮ ಮನೆಯಲ್ಲಿ ಅದು ದೊಡ್ಡ ಪ್ರಶಂಸೆ.

ಹಚ್ಚಿದ ಮೇಲೆ ಕಾಲು ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಬೇಕು. ಮರ ಎಷ್ಟು ಕುಡಿಯಿತೋ ಅಷ್ಟೇ ಇರಬೇಕು, ಮೇಲೆ ನಿಂತದ್ದೆಲ್ಲ ತೆಗೆಯಬೇಕು. ತುಂಬಾ ಜನ ಮಿಸ್ತ್ರಿಗಳು ಈ ಒರೆಸುವ ಕೆಲಸ ಬಿಟ್ಟುಬಿಡುತ್ತಾರೆ. ಇವರು ಬಿಡಲಿಲ್ಲ. ಹೊಸ ಎರಡು ಹಲಗೆಗಳನ್ನು ಗೋಡೆಗೆ ಏರಿಸುವ ಮೊದಲೇ ಹಿಂದೆ, ಮುಂದೆ, ನಾಲ್ಕೂ ಅಂಚಿಗೆ ಎಣ್ಣೆ ಹಚ್ಚಿ ಒಣಗಿಸಿದರು. ಒಂದೇ ಮುಖಕ್ಕೆ ಹಚ್ಚಿದರೆ ಹಲಗೆ ಒಂದು ಕಡೆ ಬಾಗುತ್ತದೆ. ಯಾರಿಗೂ ಕಾಣದ ಹಿಂಬದಿಗೆ ಅಷ್ಟು ಶ್ರದ್ಧೆ ತೋರಿಸುವವರನ್ನು ನಾನು ಕಂಡದ್ದು ಕಡಿಮೆ.

ಈಗ ಸ್ಟಾರ್ ಕಳೆದದ್ದು ಎಲ್ಲಿ ಅಂತ ಹೇಳುತ್ತೇನೆ. ಒರೆಸಿದ ಬಟ್ಟೆಗಳನ್ನು ಮಗ ಮುದ್ದೆ ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನಮ್ಮ ಮೆಟ್ಟಿಲ ಕೆಳಗೆ, ಹಳೇ ಪೇಪರ್ ಕಟ್ಟಿನ ಪಕ್ಕ ಇಟ್ಟು ಹೋಗಿದ್ದ. ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಸೇರುವುದು, ಆಗ ಶಾಖ ಹುಟ್ಟುತ್ತದೆ. ಬಟ್ಟೆ ಹರಡಿದ್ದರೆ ಶಾಖ ಹಾರಿಹೋಗುತ್ತದೆ. ಮುದ್ದೆಯಾಗಿದ್ದರೆ ಒಳಗೇ ಏರುತ್ತಾ ಹೋಗಿ, ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ. ಇದು ಹೆದರಿಸುವ ಮಾತಲ್ಲ. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡ ಹೊತ್ತಿ ಉರಿದದ್ದು ಇಂಥದ್ದೇ ಬಟ್ಟೆಗಳಿಂದ. ಮರದ ಪಾಲಿಶ್ ಕೆಲಸದವರು ಬಿಟ್ಟುಹೋದ ಅಗಸೆ ಎಣ್ಣೆ ಬಟ್ಟೆಗಳು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ನಾನು ಚೀಲ ತೆಗೆದು ನೋಡಿದಾಗ ಮುದ್ದೆ ಕೈಗೆ ಬೆಚ್ಚಗೆ ತಾಗಿತು. ನೀರು ತುಂಬಿದ ಕಬ್ಬಿಣದ ಬಕೆಟ್ಟಿಗೆ ಹಾಕಿದೆ. ಮರುದಿನ ಚಾಚಾಗೆ ಹೇಳಿದರೆ, ಗೊತ್ತಿಲ್ಲ ಅನ್ನಲಿಲ್ಲ. ಗೊತ್ತಿತ್ತು. ಮಗನಿಗೆ ಹೇಳಿರಲಿಲ್ಲ ಅಷ್ಟೇ. ಈ ಕೆಲಸ ಮಾಡಿಸುವವರು ಸಂಜೆ ಬಟ್ಟೆಗಳನ್ನು ನೀವೇ ಎಣಿಸಿ, ಒಂದೊಂದಾಗಿ ತಂತಿ ಮೇಲೆ ಹರಡಿ ಒಣಗಿಸಿ, ಇಲ್ಲವೇ ನೀರಿಗೆ ಹಾಕಿ.

ಸಮಯದ ವಿಷಯವೂ ಇದೆ. ಮೊದಲ ಕೈ ಮುಗಿದ ಮೇಲೆ ಅಪ್ಪ ಮಗ ಇಬ್ಬರೂ ಮಾಯ. ಫೋನ್ ಸ್ವಿಚ್ಡ್ ಆಫ್. ಹುಮನಾಬಾದ್ ಕಡೆ ಯಾರದೋ ಮದುವೆ ಮನೆ ಬಾಗಿಲಿನ ಕೆಲಸ ಬಂದಿತ್ತಂತೆ. ಏಣಿ ನಮ್ಮ ಮನೆ ಮುಂದೆಯೇ ಇತ್ತು, ಪಕ್ಕದ ಮನೆಯವರ ಸ್ಕೂಟಿಗೆ ಅಡ್ಡ. ಅವರ ಮಾತನ್ನೂ ನಾನೇ ಕೇಳಬೇಕಾಯಿತು.

ಖರ್ಚಿನ ಲೆಕ್ಕ. ಚಾಚಾಗೆ ದಿನಕ್ಕೆ 900, ಮಗನಿಗೆ 600 ಕೂಲಿ. ಸಾಮಾನು ನಾವೇ ತಂದು ಕೊಟ್ಟೆವು. ಸಾಗವಾನಿ ಹಲಗೆ, ಸ್ಕ್ರೂ, ಎಣ್ಣೆ, ಪುಡಿ ಎಲ್ಲ ಸೇರಿ ಒಟ್ಟು 27,000ದೊಳಗೆ ಮುಗಿಯಿತು. ಗುತ್ತಿಗೆ ಕೊಡಬೇಡಿ, ದಿನಗೂಲಿಗೆ ಮಾಡಿಸಿ. ಗುತ್ತಿಗೆ ಅಂದರೆ ಒಣಗುವ ತನಕ ಕಾಯುವವರು ಯಾರು?

ಮಳೆಗಾಲ ಒಂದು ದಾಟಿತು. ಈಗ ಚೆಂಬಿನ ನೀರು ನಾನೇ ಚಿಮುಕಿಸಿ ನೋಡುತ್ತೇನೆ. ಮೇಲಿನ ಸಾಲುಗಳಲ್ಲಿ ಹನಿ ಇನ್ನೂ ನಿಲ್ಲುತ್ತದೆ. ಕಟ್ಟೆಯಿಂದ ಸಿಡಿದ ನೀರು ಬೀಳುವ ಕೆಳಗಿನ ಎರಡು ಸಾಲು ಹೀರಲು ಶುರು ಮಾಡಿವೆ. ಬಣ್ಣ ಸ್ವಲ್ಪ ಮಾಸಿದೆ, ಸಿಪ್ಪೆ ಎಲ್ಲೂ ಎದ್ದಿಲ್ಲ. ಕಪ್ಪು ಗೆರೆ ಬಂದಿಲ್ಲ. ಕೆಳಗಿನ ಸಾಲಿಗೆ ಈ ದಸರಾ ನಂತರ ಒಂದು ಕೈ, ಪೂರ್ತಿ ಗೋಡೆಗೆ ಬರುವ ವರ್ಷ ಅಂತ ಚಾಚಾ ಹೇಳಿದ್ದಾರೆ. ಮೂರರಿಂದ ಐದು ವರ್ಷದ ಮಾತು ಸಿಯಾಟಲ್‌ನಲ್ಲೇ ಇರಲಿ. ವರ್ಷ, ಎರಡು ವರ್ಷಕ್ಕೊಮ್ಮೆ ಎಣ್ಣೆ ಹಚ್ಚುವುದು ನಮ್ಮಿಂದ ಆಗಲ್ಲ ಅನ್ನುವವರು ಹೊರಗೆ ಮರ ಹಾಕಿಸಲೇಬೇಡಿ, ಗಾರೆ ಮಾಡಿಸಿ ಬಣ್ಣ ಬಳಿಯಿರಿ. ಹೊಸ ಮನೆಗಳ ಎಲಿವೇಶನ್‌ಗೆ ಅಂದಕ್ಕೆ ಅಂತ ಮರದ ಪಟ್ಟಿ ಹೊಡೆಸಿ ಮರೆತುಬಿಡುವುದನ್ನು ಈಗೀಗ ನೋಡುತ್ತಿದ್ದೇನೆ. ಬೇಡ.

ಚಾಚಾ ಇನ್ನೊಂದು ಹೇಳಿದ್ದರು, ಗೋಡೆಗೆ ಮರೆಯಾಗುವಂತೆ ಮೇಲೆ ಒಂದೂವರೆ ಅಡಿ ಚಜ್ಜಾ (ಸಜ್ಜಾ) ಇಳಿಸಿ ಅಂತ. ನಮ್ಮ ಕೋಟೆಯ ರಂಗೀನ್ ಮಹಲಿನಲ್ಲಿ ಕೆತ್ತನೆಯ ಮರದ ಕಂಬಗಳಿವೆ ನೋಡಿ. ಬೀದರ್ ಆಳಿದ ಬರೀದ್ ಶಾಹಿ ಸುಲ್ತಾನರ ಕಾಲದ್ದು, 16ನೇ ಶತಮಾನದ್ದು. ಇವತ್ತಿಗೂ ನಿಂತಿವೆ. ಯಾರೂ ಅವಕ್ಕೆ ಪಿಯು ಹೊಡೆದಿರಲಿಲ್ಲ. ತಲೆ ಮೇಲೆ ಸೂರು ಇತ್ತು. ಚಜ್ಜಾ ಮಾಡಿಸಬೇಕು ಅಂತ ನನಗೂ ಇದೆ, ಈ ವರ್ಷ ಮಗಳ ಫೀಸ್ ಮುಂದೆ ಬಂತು.

ಅಂದಹಾಗೆ ಬಲಗಡೆ ಮೂಲೆಯ ಮೇಲಿನ ಹಲಗೆಯಲ್ಲಿ ಒಂದು ಸೀಳು ಹಾಗೇ ಉಳಿದಿದೆ. "ಬಂದು ಬಿಗಿ ಮಾಡ್ತೀನ್ರಿ ಟೀಚರ್" ಅಂದವರು ಈವರೆಗೂ ಬಂದಿಲ್ಲ. ನಿಮ್ಮಲ್ಲಿ ಯಾರಾದರೂ ಹುಡುಕಿಕೊಂಡು ಅವರ ಅಂಗಡಿಗೆ ಹೋದರೆ, ನಿಮ್ಮ ಕೆಲಸ ಹೇಳುವ ಮೊದಲು ನನ್ನ ಮೂಲೆ ಹಲಗೆಯನ್ನು ದಯವಿಟ್ಟು ನೆನಪಿಸಿ.